ಗೊತ್ತಿಲ್ಲದ್ದರ ಗುರುತು

ನಮ್ಮ ಪತ್ರಿಕೆಗಳಲ್ಲಿ ಕೆಲವು ಸಂಗತಿಗಳು ಸುಮ್ಮನೆ ಹುಟ್ಟುವುದಿಲ್ಲ, 'ನಾಯಿಕೊಡೆಗಳಂತೆ ತಲೆಯೆತ್ತು'ತ್ತವೆ. ಅನಧಿಕೃತ ಬಡಾವಣೆ, ಕೋಚಿಂಗ್ ಸೆಂಟರು, ನಕಲಿ ಕ್ಲಿನಿಕ್ಕು, ಚುನಾವಣೆ ಹತ್ತಿರ ಬಂದಾಗಿನ ಸಂಘಟನೆಗಳು, ಎಲ್ಲಕ್ಕೂ ಅದೇ ಕೊಡೆ. ಈ ಮಾತನ್ನು ಮೊದಲು ಬರೆದ ವರದಿಗಾರ ನಮ್ಮ ಬಯಲುಸೀಮೆಯವನೇ ಇರಬೇಕೆಂದು ನನ್ನ ಗುಮಾನಿ. ಮಲೆನಾಡಿನವನಾಗಿದ್ದರೆ, ಎಲ್ಲೆಂದರಲ್ಲಿ ಏಳುವ ವಸ್ತುವಿಗೆ ಅಣಬೆಯನ್ನು ಹೋಲಿಸುವ ಧೈರ್ಯ ಮಾಡುತ್ತಿರಲಿಲ್ಲ. ಆರಿದ್ರಾ ಮಳೆಯಲ್ಲಿ ಅರ್ಧ ದಿನ ಕಾಡು ಸುತ್ತಿ, ಕಾಲಿಗೆ ಹತ್ತಾರು ಉಂಬಳ ಹತ್ತಿಸಿಕೊಂಡು, ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದವರು ಹಾಗೆಲ್ಲ ಬರೆಯುವುದಿಲ್ಲ.

ನಾನು ತಿಪಟೂರಿನ ತೆಂಗಿನ ತೋಟಗಳ ಕಡೆಯವಳು. ನಮ್ಮ ಮನೆಯಲ್ಲಿ ಅಣಬೆ ಎಂಬ ಶಬ್ದವೇ ಇರಲಿಲ್ಲ. ಇದ್ದದ್ದು ನಾಯಿಕೊಡೆ. ನಾಯಿ ಕಾಲೆತ್ತಿದ ಜಾಗದಲ್ಲಿ ಅದು ಏಳುತ್ತದೆಂದು ನಂಬಿದ್ದೆವು. ಕಂಡ ಕೂಡಲೇ ಚಪ್ಪಲಿ ಕಾಲಿನಿಂದ ಒದೆಯುವುದು ಮಕ್ಕಳ ಹಕ್ಕು. ಒದ್ದವರ ಕಾಲು ತೊಳೆಸುವುದು ಅಮ್ಮನ ಕರ್ತವ್ಯ. ಈ ಅಂಜಿಕೆ ನಮ್ಮ ಮನೆಯಲ್ಲಷ್ಟೇ ಹುಟ್ಟಿದ್ದಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ವಿಜರು ತಿನ್ನಬಾರದವುಗಳ ಪಟ್ಟಿಯೊಂದಿದೆ. ಅದರಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜೊತೆಗೆ 'ಕವಕ' ಎಂಬ ಹೆಸರಿನಲ್ಲಿ ಅಣಬೆಯೂ ಕೂತಿದೆ. ಬೆಳ್ಳುಳ್ಳಿ ಈರುಳ್ಳಿಗಳು ಹೇಗೋ ಪಾರಾಗಿ ನಮ್ಮಮ್ಮನ ಒಗ್ಗರಣೆಗೆ ಬಂದು ಸೇರಿದ್ದವು. ಅಣಬೆ ಮಾತ್ರ ಹೊರಗೇ ನಿಂತಿತ್ತು.

ಮದುವೆಯಾಗಿ ತೀರ್ಥಹಳ್ಳಿ ಕಡೆಗೆ ಹೋದ ಮೊದಲ ಮಳೆಗಾಲದಲ್ಲಿ ಅದು ನೇರ ನನ್ನ ತಟ್ಟೆಗೇ ಬಂತು. ಬಿಸಿ ಕಡುಬು, ಪಕ್ಕದಲ್ಲಿ ಕಪ್ಪಗೆ ಮಸಾಲೆ ಹಿಡಿದ ಸಾರು. ಸಾರಿನಲ್ಲಿ ತೇಲುವ ತುಂಡುಗಳನ್ನು ಕೋಳಿಯೆಂದುಕೊಂಡು ಒಂದನ್ನು ಬಾಯಿಗಿಟ್ಟೆ. ಕೋಳಿಯಲ್ಲ. 'ಹೆಗ್ಗಾಲಣಬೆ' ಎಂದರು ಇವರು, ನಮ್ಮೂರ ಕಡೆ 'ಹೋಳಿಗೆ' ಎನ್ನುವಾಗ ಬರುವಂಥ ದನಿಯಲ್ಲಿ. ನಾನು ತಟ್ಟೆಯನ್ನು ಮೆಲ್ಲಗೆ ಸರಿಸಿ ಹೊಟ್ಟೆನೋವೆಂದೆ. ಆ ರಾತ್ರಿ ಮಲಗಿದ್ದವರ ಮೂಗಿನ ಹತ್ತಿರ ಎರಡು ಸಲ ಬೆರಳಿಟ್ಟು ಉಸಿರಾಡುತ್ತಿದ್ದಾರೋ ಇಲ್ಲವೋ ನೋಡಿದ್ದೇನೆ. ಮದುವೆಯಾಗಿ ಎರಡು ತಿಂಗಳಿಗೇ ಅಣಬೆಯ ದೆಸೆಯಿಂದ ವಿಧವೆಯಾಗುವುದು ನನಗೆ ಬೇಕಿರಲಿಲ್ಲ.

ಈ ಪಾಡು ನನ್ನೊಬ್ಬಳದೇ ಅಲ್ಲವೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಮೆರಿಕದ ಗಾರ್ಡನ್ ವಾಸನ್ ಎಂಬಾತ 1927ರಲ್ಲಿ ಹೊಸ ಹೆಂಡತಿಯೊಡನೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿಗೆ ಹೋಗಿದ್ದ. ಆಕೆ ವ್ಯಾಲೆಂಟೀನಾ, ರಷ್ಯಾದವಳು, ಓದಿದ್ದು ಮಕ್ಕಳ ವೈದ್ಯಕೀಯ. ದಾರಿಯಲ್ಲಿ ಅಣಬೆ ಕಂಡದ್ದೇ ತಡ, ತವರಿನವರು ಸಿಕ್ಕಷ್ಟು ಹಿಗ್ಗಿ, ಮಂಡಿಯೂರಿ ಕಿತ್ತು ತಂದು, ಬೇಯಿಸಿ ತಿಂದಳು. ಆತ ಒಂದು ತುತ್ತೂ ಮುಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ತಾನು ಹೆಂಡತಿ ಸತ್ತವನಾಗಿರುತ್ತೇನೆಂದು ಹೆದರಿದ್ದನಂತೆ. ಬೆಳಿಗ್ಗೆ ಆಕೆ ಆರಾಮಾಗಿ ಎದ್ದಳು. ಒಂದೇ ವಸ್ತುವಿಗೆ ಇಬ್ಬರಿಗೆ ಹೀಗೆ ಎರಡು ಬುದ್ಧಿ ಯಾಕೆಂದು ಆ ಗಂಡಹೆಂಡಿರು ಮೂವತ್ತು ವರ್ಷ ಹುಡುಕಿ, 1957ರಲ್ಲಿ ಎರಡು ಸಂಪುಟದ ಪುಸ್ತಕವನ್ನೇ ತಂದರು. ಜಗತ್ತಿನ ಜನರಲ್ಲಿ ಅಣಬೆಗೆ ಒಲಿದವರು, ಅಣಬೆಗೆ ಅಂಜುವವರು ಎಂದು ಎರಡು ಪಂಗಡ ಎಂಬುದು ಅವರ ಲೆಕ್ಕ. ಆ ಎರಡು ಪಂಗಡಗಳ ನಡುವೆ ನಮ್ಮ ಮನೆಯಲ್ಲಿ ರಾಜಿ ಮಾಡಿಸಿದ್ದು ಪುಸ್ತಕವಲ್ಲ, ನಮ್ಮತ್ತೆ.

ಮಾರನೆಯ ವರ್ಷ, ಗುಡುಗು ಹೊಡೆದು ಮಳೆ ಹಿಡಿದು ನಾಲ್ಕು ದಿನವಾದ ಮೇಲೆ, ಅತ್ತೆ ಬೆಳಗಿನ ಕಾಫಿ ಕುಡಿದು ಬುಟ್ಟಿ ಎತ್ತಿಕೊಂಡರು. 'ಬಾ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಬರಾಣ' ಎಂದರು. ಅಣಬೆಗೆ ಎನ್ನಲಿಲ್ಲ. ಹೊರಡುವಾಗ ಹೆಸರು ಹೇಳಿದರೆ ಸಿಗುವುದಿಲ್ಲವಂತೆ. ಕಂಡಾಗ ಬೆರಳು ತೋರಿಸಲೂ ಬಾರದು. ಕುಂಬಳದ ಮಿಡಿಗೆ ಇರುವ ಕಾನೂನೇ ಇದಕ್ಕೂ. ಪಕ್ಕದ ಮನೆಯವರು ಕಂಡು 'ಎಲ್ಲಿಗೆ ಹೊರಟಿರಿ?' ಎಂದದ್ದಕ್ಕೆ ಅತ್ತೆ 'ದನ ನೋಡಕ್ಕೆ' ಎಂದು ಚೂರೂ ಅಳುಕಿಲ್ಲದೆ ಸುಳ್ಳು ಹೇಳಿದರು. ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ಆದರೆ ಅದನ್ನು ಪ್ರತಿ ಮಳೆಗಾಲದಲ್ಲೂ ಕೇಳಿದ್ದೇನೆ.

ದಾರಿಯುದ್ದಕ್ಕೂ ಅಣಬೆಗಳಿದ್ದವು. ಬಿದ್ದ ಮರದ ಮೇಲೆ ಕಿತ್ತಳೆ ಬಣ್ಣದ ಕಿವಿಗಳು, ದರಗಿನ ನಡುವೆ ಮೊಟ್ಟೆಯಂತೆ ಬೆಳ್ಳಗಿನದೊಂದು, ಗೊಬ್ಬರದ ಗುಂಡಿಯ ಅಂಚಿಗೆ ಗಂಟೆಯಾಕಾರದ ಪುಟ್ಟ ಟೋಪಿಗಳು. ಪ್ರತಿಯೊಂದಕ್ಕೂ ನಾನು ನಿಂತು 'ಅತ್ತೆ, ಇದು?' ಎನ್ನುವುದು, ಅವರು ತಿರುಗಿ ಒಮ್ಮೆ ನೋಡಿ 'ಗೊತ್ತಿಲ್ಲ, ಬಿಡು' ಎನ್ನುವುದು. ಹತ್ತನೆಯ 'ಗೊತ್ತಿಲ್ಲ'ದ ಹೊತ್ತಿಗೆ ನನಗೆ ಈ ಹೆಂಗಸಿಗೆ ಏನೂ ಗೊತ್ತಿಲ್ಲವೆಂದು ಖಾತ್ರಿಯಾಗಿತ್ತು. ಕಳೆದ ವರ್ಷ ಇವರು ಬದುಕುಳಿದದ್ದೇ ಪವಾಡ!

ಬೆಟ್ಟದ ಅರ್ಧಕ್ಕೆ, ಮತ್ತಿ ಮರದ ಕೆಳಗೆ ಅವರು ನಿಂತರು. ಅಲ್ಲಿ ಎದ್ದು ಕಾಣುವ ಹುತ್ತವೇನೂ ಇರಲಿಲ್ಲ, ನೆಲ ತುಸು ಉಬ್ಬಿದ ಹಾಗಿತ್ತು ಅಷ್ಟೇ. ಕಂಬಳಿಕೊಪ್ಪೆಯನ್ನು ಹಿಂದಕ್ಕೆ ಸರಿಸಿ, ಕುಕ್ಕರಗಾಲಲ್ಲಿ ಕೂತು, ದರಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಿಡಿಸಿದರು, ತೊಟ್ಟಿಲ ಕೂಸಿನ ಹೊದಿಕೆ ಸರಿಸುವ ಹಾಗೆ. ಮಣ್ಣು ಸೀಳಿಕೊಂಡು ಬೂದುಗಂದಿನ ಮೊಗ್ಗುಗಳು, ಒಂದೊಂದರ ನೆತ್ತಿಯಲ್ಲೂ ಚೂಪು ತುದಿ. ಅತ್ತೆ ಒಂದರ ಬುಡಕ್ಕೆ ಬೆರಳು ಇಳಿಸಿ, ಎಳೆಯದೆ, ಸುತ್ತ ಮಣ್ಣು ಸಡಿಲಿಸಿ ಎತ್ತಿದರು. ದಂಟು ಬಂತು, ಇನ್ನೂ ಬಂತು, ಬರುತ್ತಲೇ ಹೋಯಿತು. ಕೆಳಕ್ಕೆ ಹೋದಂತೆ ಸಣ್ಣಗಾಗುತ್ತ ಕಪ್ಪಾಗುತ್ತ ಗೇಣುದ್ದದ ಬೇರಿನಂತಾಗಿ ಪಟ್ಟನೆ ಮುರಿಯಿತು. 'ಇದರ ಮನೆ ಕೆಳಗದೆ' ಎಂದರು. ಮೂಗಿಗೆ ಹಿಡಿದರು, ನನ್ನ ಮೂಗಿಗೂ ಹಿಡಿದರು. ಒದ್ದೆ ಮಣ್ಣು, ಹಸಿ ಹಿಟ್ಟು ಎರಡೂ ಬೆರೆತಂಥ ವಾಸನೆ. ದಂಟನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆಲ್ಲ ಗಟ್ಟಿ, ಬೇಯಿಸಿದ ಕೋಳಿಯ ಎದೆಯಂತೆ ನಾರು ನಾರಾಗಿ ಬಿಡಿಸಿಕೊಂಡಿತು. ಮೊದಲ ದಿನ ನನ್ನನ್ನು ಏಮಾರಿಸಿದ್ದು ಇದೇ ನಾರು.

ಕೆಳಗಿರುವ ಆ ಮನೆಯ ಕಥೆ ಅತ್ತೆಗೆ ತಿಳಿದದ್ದಕ್ಕಿಂತ ದೊಡ್ಡದು. ಹೆಗ್ಗಾಲಣಬೆಯ ಕುಲಕ್ಕೆ ವಿಜ್ಞಾನದಲ್ಲಿ ಟರ್ಮಿಟೋಮೈಸಿಸ್ ಎಂದು ಹೆಸರು. 1942ರಲ್ಲಿ ಫ್ರಾನ್ಸಿನ ರೋಜೆ ಏಮ್ ಇಟ್ಟದ್ದು. ಅದು ಒರಲೆಯ ಬೆಳೆ. ಒರಲೆಗಳು ಕಟ್ಟಿಗೆ, ದರಗು ತಿಂದು, ತಮ್ಮ ಹಿಕ್ಕೆಯಿಂದಲೇ ಜೇನುಹಲ್ಲೆಯಂಥ ಗೂಡು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ಮನುಷ್ಯ ಬೇಸಾಯಕ್ಕಿಳಿದು ಹತ್ತು ಸಾವಿರ ವರ್ಷವಾಗಿದ್ದರೆ, ಇವುಗಳ ಬೇಸಾಯ ಶುರುವಾಗಿ ಸುಮಾರು ಮೂರು ಕೋಟಿ ವರ್ಷ. ಮಳೆ ಬಿದ್ದಾಗ ಆ ಗೂಡಿನಿಂದ ಹೊರಟ ದಂಟು ಮಣ್ಣು ಸೀಳಿ ಮೇಲೆ ಬಂದು ಕೊಡೆ ಬಿಚ್ಚುತ್ತದೆ. ನೆತ್ತಿಯ ಚೂಪು ತುದಿ ನೆಲ ಕೊರೆಯುವ ಹಾರೆ. ಮನುಷ್ಯ ಇದನ್ನು ಅಂಗಡಿಯ ಬಿಳಿ ಗುಂಡಿ ಅಣಬೆಯಂತೆ, ಚಿಪ್ಪಣಬೆಯಂತೆ ಶೆಡ್ಡಿನಲ್ಲಿ ಬೆಳೆಯಲಾರ. ಒರಲೆ ಇಲ್ಲದೆ ಅದು ಏಳುವುದಿಲ್ಲ. ಅತ್ತೆ ಗೂಡನ್ನು ಅಗೆಯುತ್ತಿರಲಿಲ್ಲ, ಅಗೆಯುವವರನ್ನು ಕಂಡರೆ ಆಗುತ್ತಿರಲಿಲ್ಲ. ಬಲಿತು ಕೊಡೆ ಬಿಚ್ಚಿದ ಮೂರು ನಾಲ್ಕನ್ನು ಅಲ್ಲೇ ಬಿಟ್ಟು ಎದ್ದರು. ಮತ್ತೆ ಮುಂದಿನ ವರ್ಷ, ಹೆಚ್ಚು ಕಡಿಮೆ ಅದೇ ವಾರ, ಅದೇ ಮತ್ತಿ ಮರದ ಕೆಳಗೆ ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತಿದ್ದೆವು.

ವರ್ಷಗಳ ಮೇಲೆ ಲೆಕ್ಕ ಹಾಕಿದೆ. ಅತ್ತೆಗೆ ಗೊತ್ತಿದ್ದದ್ದು ಮೂರೇ ಮೂರು. ಹೆಗ್ಗಾಲಣಬೆ, ಹುತ್ತದ ಸುತ್ತ ನುಚ್ಚು ಚೆಲ್ಲಿದಂತೆ ನೂರಾರು ಏಳುವ ಅಕ್ಕಿ ಅಣಬೆ, ಹಳೇ ಹುಲ್ಲುಗೊಣಬೆಯ ಬುಡದಲ್ಲಿ ಏಳುವ ಹುಲ್ಲಣಬೆ. ಕಾರ್ಕಳ ಕಡೆಯಿಂದ ಬಂದ ನೆಂಟರೊಬ್ಬರು ಒಮ್ಮೆ ಕಲ್ಲಣಬೆ ತಂದಿದ್ದರು. ಕೊಡೆಯೂ ಇಲ್ಲ, ದಂಟೂ ಇಲ್ಲ, ಗೋಲಿಯಂತೆ ಗುಂಡಗೆ. ಒಂದೊಂದನ್ನೂ ಕತ್ತರಿಸಿ, ಒಳಗೆ ಬೆಳ್ಳಗಿದ್ದದ್ದನ್ನು ಮಾತ್ರ ಪಾತ್ರೆಗೆ ಹಾಕುತ್ತ, ಕಪ್ಪಾದದ್ದನ್ನು ಎಸೆಯುತ್ತ ಕೂತಿದ್ದರು. ಅತ್ತೆ ಅವರ ಮನೆಯ ಊಟವೆಂದು ಮರ್ಯಾದೆಗೆ ಎರಡು ತಿಂದರು. ಆದರೆ ನಮ್ಮ ಬೆಟ್ಟದಲ್ಲಿ ಅಂಥದೇ ಗುಂಡೊಂದು ಕಂಡಾಗ 'ಅದು ಅವರ ಊರಿಂದು, ಇದು ನಂಗೆ ಗೊತ್ತಿಲ್ಲ' ಎಂದು ದಾಟಿ ನಡೆದರು. ಅವರ ನಡೆ ಸರಿಯೇ ಇತ್ತು: ಕಲ್ಲಣಬೆಯಂತೆಯೇ ಕಾಣುವ, ತಿಂದರೆ ಹೊಟ್ಟೆ ಕೆಡಿಸುವ ಗುಂಡು ಬೇರೆಯೇ ಇದೆ.

ಅಣಬೆ ತೊಳೆಯುವಾಗ ಅತ್ತೆ ಅರಿಸಿನದ ನೀರು ಹಾಕುತ್ತಿದ್ದರು. ಮಣ್ಣು ಬಿಡಲಿಕ್ಕೆ, ಹುಳು ಹೊರಡಲಿಕ್ಕೆ. ಊರಲ್ಲಿ ಕೆಲವರು ಅದನ್ನೇ ಪರೀಕ್ಷೆಯೆಂದು ತಿಳಿದಿದ್ದರು: ಅರಿಸಿನ ಬಣ್ಣ ಬದಲಿಸಿದರೆ ವಿಷ. ಇನ್ನು ಕೆಲವರದು ಬೆಳ್ಳಿ ನಾಣ್ಯ. ಬೇಯುವ ಪಾತ್ರೆಗೆ ಹಾಕಿದಾಗ ಕಪ್ಪಾಗದಿದ್ದರೆ ಧೈರ್ಯವಾಗಿ ತಿನ್ನಬಹುದಂತೆ. ಹುಳು ತಿಂದದ್ದು, ಬಸವನಹುಳು ಕಚ್ಚಿದ್ದು ಒಳ್ಳೆಯದೆಂದು ಮತ್ತೊಂದು ವಾದ. ಇವ್ಯಾವುವೂ ನಿಜವಲ್ಲ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ; ಕೊಲ್ಲುವ ಅಣಬೆಯ ವಿಷಕ್ಕೂ ಅದಕ್ಕೂ ನಂಟಿಲ್ಲ. ಬಸವನಹುಳು ತಿಂದು ಜೀರ್ಣಿಸಿಕೊಂಡದ್ದು ಮನುಷ್ಯನಿಗೆ ಮುಳುವಾಗಬಹುದು. ಚೆನ್ನಾಗಿ ಬೇಯಿಸಿದರೂ, ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಅತ್ತೆಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ನಾಣ್ಯದ ಉಪಾಯ ಹೇಳಲು ಬಂದ ಒಬ್ಬರಿಗೆ ಅವರು ಹೇಳಿದ್ದಿಷ್ಟು: 'ಗೊತ್ತಿರದಾದ್ರೆ ನಾಣ್ಯ ಎಂತಕೆ? ಗೊತ್ತಿಲ್ಲದಾದ್ರೆ ಕೀಳದೆಂತಕೆ?'

ಇಂಥ ಗುರುವಿನ ಕೈಯಲ್ಲಿ ಹತ್ತು ಮಳೆಗಾಲ ಪಳಗಿದ ಶಿಷ್ಯೆ ನಾನು. ಆದ್ದರಿಂದಲೇ ಎಡವಿದೆ.

ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಒಂದು ಜುಲೈ ಬೆಳಿಗ್ಗೆ, ನಮ್ಮ ಬಡಾವಣೆಯ ಪಾರ್ಕಿನ ಹುಲ್ಲಿನಲ್ಲಿ (ನಾಯಿಕೊಡೆಗಳಂತೆ ತಲೆಯೆತ್ತಿದ ಬಡಾವಣೆಗಳಲ್ಲಿ ನಮ್ಮದೂ ಒಂದು) ಅಣಬೆ ಎದ್ದಿದ್ದವು. ತಟ್ಟೆಯಗಲದ ಬಿಳಿ ಕೊಡೆಗಳು, ನಡುವೆ ಕಂದು ಹಕ್ಕಳೆ, ದಂಟಿಗೆ ಬಳೆ ತೊಡಿಸಿದಂತೆ ಒಂದು ಉಂಗುರ. ನನ್ನ ಎದೆ ಹಾರಿತು. ನಾಯಿ ಹಿಡಿದು ವಾಯುವಿಹಾರಕ್ಕೆ ಬಂದ ನೆರೆಯವರೆಲ್ಲ ಅದನ್ನು ಬಳಸಿ ನಡೆಯುತ್ತಿದ್ದರು. ಇವರಿಗೇನು ಗೊತ್ತು ಇದರ ಬೆಲೆ ಎಂಬ ಮಲೆನಾಡಿನ ಜಂಬ ನನಗೆ ಎಲ್ಲಿಂದ ಬಂತೋ. ದುಪಟ್ಟಾದಲ್ಲಿ ಕಟ್ಟಿ ತಂದೆ. ಬುಡದಲ್ಲಿ ಉದ್ದ ಬೇರಿಲ್ಲ, ಗಡ್ಡೆಯ ಹಾಗೆ ಉಬ್ಬಿದೆ ಎಂಬುದು ಕೈಗೆ ತಿಳಿಯಿತು. ಜಾತಿ ಅದೇ, ಊರು ಬೇರೆ ಎಂದು ಮನಸ್ಸು ಸಮಾಧಾನ ಹೇಳಿತು. ಆಸೆ ಹುಟ್ಟಿದ ಮೇಲೆ ಕಣ್ಣು ಒಪ್ಪುವ ಗುರುತುಗಳನ್ನಷ್ಟೇ ಎಣಿಸುತ್ತದೆ.

ಇವರು ಅಂದು ಊರಲ್ಲಿರಲಿಲ್ಲ, ಪುಣ್ಯ. ಒಂದು ಗಂಟೆಗೆ ತಿಂದೆ. ಮೂರು ಗಂಟೆಗೆ ಶುರುವಾಯಿತು. ವಾಂತಿ, ಭೇದಿಗಳಿಗೆ ಇಷ್ಟು ಶಕ್ತಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಳೆಯ ವೈದ್ಯೆಯೊಬ್ಬಳು ಡ್ರಿಪ್ ಹಾಕುತ್ತ ಕೇಳಿದ ಮೊದಲ ಪ್ರಶ್ನೆ: 'ತಿಂದು ಎಷ್ಟು ಹೊತ್ತಿಗೆ ಶುರುವಾಯ್ತು?' ಎರಡು ಗಂಟೆ ಎಂದೆ. ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಎರಡನೆಯದು: 'ಬೇಯಿಸದೇ ಉಳಿದದ್ದು ಏನಾದರೂ ಇದೆಯಾ? ತರಿಸಿ.'

ಆ ಮೊದಲ ಪ್ರಶ್ನೆಯ ಅರ್ಥ ಆಮೇಲೆ ಓದಿ ತಿಳಿದುಕೊಂಡೆ. ಬೇಗ ಕಾಡುವ ಅಣಬೆ ಸಾಮಾನ್ಯವಾಗಿ ಹೊಟ್ಟೆಯನ್ನು ಹಿಂಡಿ ಬಿಡುತ್ತದೆ. ಹೆದರಬೇಕಾದ್ದು ತಡಮಾಡಿ ಬರುವುದಕ್ಕೆ. ಅಮಾನಿಟಾ ಕುಲದ ಕೆಲವು ಅಣಬೆಗಳನ್ನು ತಿಂದವರಿಗೆ ಆರರಿಂದ ಇಪ್ಪತ್ತನಾಲ್ಕು ಗಂಟೆಯವರೆಗೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮತ್ತೆ ಒಂದು ದಿನ ಗುಣವಾದಂತೆ ಕಾಣುತ್ತದೆ, ರೋಗಿ ಮನೆಗೆ ಹೋಗುತ್ತೇನೆನ್ನುತ್ತಾನೆ. ಆ ಬಿಡುವಿನಲ್ಲೇ ವಿಷ ಪಿತ್ತಜನಕಾಂಗದ ಜೀವಕೋಶಗಳನ್ನು ಕೊಲ್ಲುತ್ತಿರುತ್ತದೆ. ಬೇಗ ವಾಂತಿಯಾಯಿತೆಂದು ನಿಶ್ಚಿಂತೆಯಾಗಿ ಮನೆಯಲ್ಲೇ ಕೂರುವಂತೆಯೂ ಇಲ್ಲ. ಸಾರಿನಲ್ಲಿ ಎರಡು ಬಗೆಯ ಅಣಬೆ ಬೆರೆತಿದ್ದರೆ ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಸದ್ದಿಲ್ಲದೆ ಕೆಲಸ ಮುಗಿಸಬಹುದು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು. ಹೆಚ್ಚಿನವರು ಚಹಾತೋಟಗಳ ಕಡೆಯವರು. ಅಣಬೆಗೆ ಹೊಸಬರೇನಲ್ಲ.

ನನ್ನನ್ನು ಬಹಳ ಕಾಡಿದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಸಂಗತಿ. 2012ರ ಹೊಸವರ್ಷದ ಹಿಂದಿನ ರಾತ್ರಿ ಅಲ್ಲಿನ ಹೋಟೆಲೊಂದರ ಚೀನೀ ಅಡುಗೆಯವನೊಬ್ಬ ಕೆಲಸದ ಗೆಳೆಯರಿಗಾಗಿ ಅಣಬೆ ಕಿತ್ತು ತಂದು ಬೇಯಿಸಿದ. ಅವನೂ ಅವನ ಸಹೋದ್ಯೋಗಿಯೂ ಉಳಿಯಲಿಲ್ಲ. ಅದು ಅವರ ಊರಿನ ಹುಲ್ಲಣಬೆ ಎಂದೇ ತಿಳಿದಿದ್ದರು ಎನ್ನುತ್ತಾರೆ. ಹುಲ್ಲಣಬೆಗೂ, ಯುರೋಪಿನ ಓಕ್ ಮರಗಳ ಬೇರಿನೊಡನೆ ಅಲ್ಲಿಗೆ ಹೋಗಿ ಸೇರಿದ ಆ ಸಾವಿನ ಅಣಬೆಗೂ ಎಳೆತನದಲ್ಲಿ ಮೊಟ್ಟೆಯಂಥದೇ ಮೈ, ಬುಡದಲ್ಲಿ ಒಂದೇ ಥರದ ಚೀಲ. ಊರಲ್ಲಿ ಕಲಿತ ಅವನ ಗುರುತು ಊರಲ್ಲಿ ಸುಳ್ಳಾಗಿರಲಿಲ್ಲ. ಅದು ಅವನೊಡನೆ ವಿಮಾನ ಹತ್ತಿದ್ದೇ ತಪ್ಪಾಯಿತು. ನನ್ನದಂತೂ ರಾತ್ರಿಯ ಬಸ್ಸು ಹತ್ತಿದ್ದು.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಪಾರ್ಕಿಗೆ ಹೋಗಿ ಒಂದೇ ಒಂದು ಕೊಡೆ ತಂದೆ, ಈ ಸಲ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು. ದಂಟು ಕತ್ತರಿಸಿ, ಕೊಡೆಯ ಗೆರೆಗಳು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಪಾತ್ರೆ ಮುಚ್ಚಿ ಮಲಗಿದೆ. ಅಣಬೆಯ ಬೀಜಧೂಳಿ ರಾತ್ರಿಯೆಲ್ಲ ಉದುರಿ ಕಾಗದದ ಮೇಲೆ ತನ್ನ ಅಚ್ಚು ಒತ್ತುತ್ತದೆ. ಹೆಗ್ಗಾಲಣಬೆಯ ಕುಲದ್ದಾದರೆ ಅದು ನಸುಗೆಂಪು. ಬೆಳಿಗ್ಗೆ ಪಾತ್ರೆ ಎತ್ತಿದೆ. ಚಕ್ರದ ಅರೆಕಾಲುಗಳಂತೆ ನಡುವಿನಿಂದ ಹೊರಟ ನೂರಾರು ಗೆರೆಗಳು, ಬಣ್ಣ ಮಾತ್ರ ಒಣಗಿಸಿ ಕುಟ್ಟಿದ ಕರಿಬೇವಿನ ಪುಡಿಯಂಥ ಹಸಿರು. ಕ್ಲೋರೋಫಿಲಮ್ ಎಂದು ಇದರ ಹೆಸರು. ಎಳೆಯದಾಗಿರುವಾಗ ಗೆರೆಗಳು ಬಿಳಿಯೇ. ಬಲಿತ ಮೇಲೆ ಹಸಿರು ಕಾಣಿಸಿಕೊಳ್ಳುತ್ತದೆ. ನಾನು ಎಳೆಯದನ್ನೇ ಆರಿಸಿ ಕಿತ್ತಿದ್ದೆ, ಅತ್ತೆ ಕಲಿಸಿದ ಹಾಗೆ.

ಅತ್ತೆಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಬಣ್ಣ, ಗಾತ್ರ, ಉಂಗುರ, ಹಸಿರು ಧೂಳಿ ಎಲ್ಲ ವಿವರಿಸಿದೆ. ಅವರಿಗೆ ಅದ್ಯಾವುದೂ ಬೇಕಾಗಲಿಲ್ಲ.

'ಎಲ್ಲಿ ಎದ್ದಿತ್ತು?'

'ಪಾರ್ಕಲ್ಲಿ, ಹುಲ್ಲಿನ ಮೇಲೆ.'

'ಹೋದ್ವರ್ಷ ಅಲ್ಲಿ ಯಾರಾದ್ರೂ ಕಿತ್ತು ತಿಂದಿದ್ರನಾ?'

'ಇಲ್ಲ ಅತ್ತೆ.'

'ಮತ್ತೆಂತಕೆ ಕಿತ್ತೆ ಮಾರಾಯ್ತಿ?'

ನನ್ನಲ್ಲಿ ಉತ್ತರವಿರಲಿಲ್ಲ. ಬೆಟ್ಟದ ದಾರಿಯಲ್ಲಿ ಅವರು ಹೇಳುತ್ತ ಬಂದ ನೂರಾರು 'ಗೊತ್ತಿಲ್ಲ'ಗಳೇ ಪಾಠವೆಂದು, ಮತ್ತಿ ಮರದ ಕೆಳಗಿನದು ಪಾಠ ಮುಗಿದ ಮೇಲಿನ ತಿಂಡಿಯಷ್ಟೇ ಎಂದು ಆಗ ಹೊಳೆಯಿತು. ನಾನು ತಿಂಡಿಯನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ.

ಕಳೆದ ದೀಪಾವಳಿಗೆ ಅತ್ತೆ ಬೆಂಗಳೂರಿಗೆ ಬಂದಿದ್ದರು. ಮನೆ ಹತ್ತಿರದ ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ತಣ್ಣನೆಯ ಕಪಾಟಿನ ಮುಂದೆ ನಿಂತು, ಪ್ಲಾಸ್ಟಿಕ್ ಹಾಳೆಯಡಿ ಸಾಲಾಗಿ ಕೂತಿದ್ದ ಬಿಳಿ ಗುಂಡಿ ಅಣಬೆಯ ಪೊಟ್ಟಣವೊಂದನ್ನು ಎತ್ತಿಕೊಂಡರು. ತಿರುಗಿಸಿ ಬುಡ ನೋಡಿದರು. ಬೇರಿಲ್ಲ, ಮಣ್ಣಿಲ್ಲ, ವಾಸನೆಯಿಲ್ಲ. ಇದು ಶೆಡ್ಡಿನಲ್ಲಿ ಬೆಳೆದದ್ದು, ಇದಕ್ಕೆ ಭಯವಿಲ್ಲ ಎಂದು ನಾನು ಹೇಳುವಷ್ಟರಲ್ಲೇ ಅವರು ಅಲ್ಲಿ ಸಾಮಾನು ಜೋಡಿಸುತ್ತಿದ್ದ ಹುಡುಗನನ್ನು ಕರೆದಿದ್ದರು.

'ತಮ್ಮಾ, ಇದು ಎಲ್ಲಿ ಎದ್ದಿದ್ದು?'

ಹುಡುಗ ಪೊಟ್ಟಣವನ್ನು ನೋಡಿದ, ಅತ್ತೆಯನ್ನು ನೋಡಿದ. 'ಗೊತ್ತಿಲ್ಲ ಅಜ್ಜಿ, ಬೆಳಿಗ್ಗೆ ಗಾಡೀಲಿ ಬರುತ್ತೆ' ಎಂದ.

ಅತ್ತೆ ಪೊಟ್ಟಣವನ್ನು ಇದ್ದಲ್ಲೇ ಮೆತ್ತಗೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. 'ಒಳ್ಳೇ ಹುಡುಗ' ಎಂದರು, 'ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದ.'